ಸುಮ್ಮನಿದ್ದ ಓಣಿ

ಹುಬ್ಬಳ್ಳಿ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಎಂಬತ್ತೇಳು

ತಟ್ಟೆ ಬಡಿದ ಕಾಲದ ತಾಯಂದಿರಿಗೆ ಅಕ್ಕಮ್ಮ ಬಡಿಗೇರ ಮಾಡುವ ನಮಸ್ಕಾರಗಳು.

ದಿನಾಂಕ ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿ ಫೆಬ್ರವರಿಗೂ ನ್ಯಾಯ ಒದಗಿಸಿದ್ದಾರೆ. ನಾನು ಬಳಸುವ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು. ನಿಮ್ಮ ಮಾತುಗಳು ನಮಗೂ ಹಾಗೆಯೇ. ತಾಳಿಕೊಂಡು ಓದಿ.

ನಿಮ್ಮ ಪಿಡುಗಿನ ಕಾಲದ ಒಂದು ಕಥೆಯನ್ನು ನಮ್ಮ ಶಾಲೆಗಳಲ್ಲಿ ಹೇಳುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ನರ್ಸ್ ಒಬ್ಬಳನ್ನು, ಅವಳಿಗೆ ಕೃತಜ್ಞತೆ ಹೇಳಲೆಂದೇ ಜನ ತಟ್ಟೆ ಬಡಿದು ಎಬ್ಬಿಸಿದರಂತೆ. ನಿಜವೋ ಸುಳ್ಳೋ, ನಮ್ಮ ಹಿರಿಯರು ಆ ಕಥೆಯಿಂದ ಒಂದು ಪದ್ಧತಿಯನ್ನೇ ಹುಟ್ಟುಹಾಕಿದರು. ಅದನ್ನು ಮೌನಹಾಸು ಎನ್ನುತ್ತೇವೆ. ನರ್ಸ್ ಮಲಗಿರುವ ಮನೆಯ ಬಾಗಿಲಿಗೆ ಹಸಿರು ಬಟ್ಟೆ ಕಟ್ಟಿದರೆ ಇಡೀ ಓಣಿ ತುಟಿ ಪಿಟಕ್ಕೆನ್ನುವುದಿಲ್ಲ. ಎಲ್ಲರೂ ಚಪ್ಪಲಿ ಬಿಟ್ಟು ಹತ್ತಿಮೆಟ್ಟು ಹಾಕಿಕೊಳ್ಳುತ್ತಾರೆ, ಅಂದರೆ ಅಡಿಯಲ್ಲಿ ಹತ್ತಿ ತುಂಬಿದ ಪಾದರಕ್ಷೆ. ಕುಕ್ಕರಿಗೆ ಸೀಟಿ ಇಲ್ಲ. ತರಕಾರಿಯ ಚೌಕಾಸಿ ಬೆರಳಿನಲ್ಲೇ ನಡೆಯುತ್ತದೆ. ಜಗಳ ಬಂದರೆ ಮುಂದಿನ ಓಣಿಗೆ ಹೋಗಿ ಆಡಿ ಬರುತ್ತಾರೆ. ನಗಬೇಡಿ, ನಾನೇ ಎರಡು ಸಲ ಹೋಗಿ ಬಂದಿದ್ದೇನೆ.

ಹೋದ ವರ್ಷ ನಮಗೂ ಪಿಡುಗು ಬಂತು. ಎದೆಯಲ್ಲಿ ಗಾಳಿ ಸಿಕ್ಕಿಕೊಳ್ಳುವ ರೋಗವಾದ್ದರಿಂದ ಉಸಿರುಗಂಟು ಎಂದು ಹೆಸರಿಟ್ಟರು. ನನ್ನ ಮಗಳು ಮಂದಾಕಿನಿ ನರ್ಸ್. ಆಸ್ಪತ್ರೆಯಲ್ಲಿ ಹಾಸಿಗೆಯೂ ಸಾಲದೆ, ಜನವೂ ಸಾಲದೆ, ಒಂದು ಪಾಳಿ ಮುಗಿಯುವಷ್ಟರಲ್ಲಿ ಇನ್ನೊಂದಕ್ಕೆ ನಿಲ್ಲುತ್ತಿದ್ದಳು. ಮನೆಗೆ ಬಂದರೆ ಊಟಕ್ಕೆ ಕುಳಿತು ಉಣ್ಣುವುದನ್ನೇ ಮರೆಯುತ್ತಿದ್ದಳು. ಕಲಸಿದ ತುತ್ತು ಕೈಯಲ್ಲೇ ಒಣಗುತ್ತಿತ್ತು. ಆ ಕೈಯಲ್ಲೇ ಮರುದಿನ ಯಾರದೋ ತೋಳಿಗೆ ಸೂಜಿ ಚುಚ್ಚಬೇಕು. ಅವಳಿಗೆ ಬೇಕಾಗಿದ್ದದ್ದು ನಿದ್ದೆ. ನಾನು ಹಸಿರು ಬಟ್ಟೆ ಕಟ್ಟಿದೆ, ಓಣಿ ಸ್ತಬ್ಧವಾಯಿತು. ಮಗಳ ಮೇಲೆ ಜನಕ್ಕೆ ಎಷ್ಟು ಗೌರವ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಅವಳು ಮಲಗಲಿಲ್ಲ. ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅವ್ವಾ, ಏನರ ಮಾತಾಡ. ಇಷ್ಟು ಸುಮ್ಮನಿದ್ರ ನನಗ ವಾರ್ಡಿನ ಮಷಿನ್ ಸಪ್ಪಳಾನ ಕೇಳಸ್ತೈತಿ."

"ಸುಮ್ನ ಮಲ್ಕೋ ಹೋಗ. ನಿನ್ನ ಸಂಬಂಧ ಇಡೀ ಓಣಿ ಉಸಿರು ಬಿಗಿಹಿಡದು ಕುಂತೈತಿ," ಎಂದು ಪಿಸುಗುಟ್ಟಿದೆ.

"ದಿನಾ ಉಸಿರು ನಿಂತವರನ್ನ ನೋಡಿ ಬರ್ತೀನವ್ವಾ. ಮನ್ಯಾಗೂ ಎಲ್ಲಾರೂ ಉಸಿರು ಹಿಡದು ಕುಂತ್ರ ನಾ ಹೆಂಗ ಮಲಗ್ಲಿ?"

ದಣಿವಿನ ಮಾತು ಎಂದುಕೊಂಡೆ. ಅವಳ ಕೋಣೆಯ ಕಿಟಕಿಗೆ ಇನ್ನೊಂದು ದಪ್ಪ ಪರದೆ ಹಾಕಿಸಿದೆ. ರೇಡಿಯೋ ಹಚ್ಚಿರೆಂದು ಅವಳು ಪಕ್ಕದ ಮನೆಯವರನ್ನೂ ಕೇಳಿದಳಂತೆ. ಅವರು ಭಕ್ತಿಯಿಂದ ಕೈಮುಗಿದು ಬಾಗಿಲನ್ನು ಮೆಲ್ಲಗೆ ಹಾಕಿಕೊಂಡರು. ಅತಿಯಾದರೆ ಅಮೃತವೂ ವಿಷ ಎಂದು ಎಲ್ಲರೂ ಹೇಳುತ್ತೇವೆ. ನಮ್ಮ ಗೌರವವೂ ಅತಿಯಾಗಬಹುದು ಎಂದು ಓಣಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಒಂದು ಬೆಳಗ್ಗೆ ಅವಳು ಹಾಸಿಗೆ ಸುತ್ತಿಕೊಂಡು ಹೊರಟುಹೋದಳು.

ಈಗ ಈರುಳ್ಳಿ ಮಾರುಕಟ್ಟೆಯ ಮೇಲಿನ ಕೋಣೆಯೊಂದರಲ್ಲಿದ್ದಾಳೆ. ಮೊನ್ನೆ ಮಧ್ಯಾಹ್ನ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ. ಕೆಳಗೆ ಹರಾಜಿನ ಕೂಗು, ಹಮಾಲರ ಬೈಗುಳ, ಚೀಲ ಬೀಳುವ ಸದ್ದು. ಮೇಲೆ ಅವಳು ಚಿಕ್ಕವಳಿದ್ದಾಗ ಮಲಗುತ್ತಿದ್ದ ಹಾಗೆ ಬಾಯಿ ತೆರೆದು ಮಲಗಿದ್ದಳು. ನನ್ನ ಮನೆಯಲ್ಲಿ ಸಿಗದ ನಿದ್ದೆ ಯಾರೋ ಬೈದಾಡುವ ಕಡೆ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು. ಅಳುವೂ ಬಂತು. ಎಬ್ಬಿಸಲಿಲ್ಲ, ರೊಟ್ಟಿಯನ್ನು ಅವಳ ತಲೆಯ ಹತ್ತಿರ ಇಟ್ಟು ಬಂದೆ. ಮನೆಗೆ ಬಾ ಎಂದು ಹೇಳಿ ಕಳಿಸಿದ್ದೇನೆ, ಇನ್ನೂ ಉತ್ತರವಿಲ್ಲ.

ತಾಯಂದಿರೇ, ನಿಮ್ಮ ಮಗಳು ಇನ್ನೂ ನಿಮ್ಮ ಮನೆಯಲ್ಲೇ ಇದ್ದಾಳೆ. ಪಾಳಿ ಮುಗಿಸಿ ಬಂದಾಗ ಏನು ಬೇಕೆಂದು ಅವಳನ್ನೇ ಕೇಳಿ. ಕತ್ತಲೆ ಬೇಕು ಎಂದರೆ ದೀಪ ಆರಿಸಿ. ಮಾತಾಡು ಎಂದರೆ ಮಾತಾಡಿ. ಏನು ಮಾತಾಡಲಿ ಎಂದು ಯೋಚಿಸುತ್ತ ಕೂರಬೇಡಿ. ನನಗೀಗ ಆಡಲು ಬೇಕಾದಷ್ಟು ಮಾತಿದೆ, ಕೇಳಲು ಅವಳಿಲ್ಲ.