ಹಾಡು ನಿಲ್ಲಿಸಿದ ಗುರುವಾರ

ಮಿತ್ಯಾನ
೧೪ ಸೆಪ್ಟೆಂಬರ್ ೨೦೧೪, ಭಾನುವಾರ

ನನ್ನ ಪ್ರೀತಿಯ ನಕಾತೊ,

ಕರ್ತನ ಹೆಸರಿನಲ್ಲಿ ನಿನಗೂ ಅಳಿಯಂದಿರಿಗೂ ಪುಟ್ಟ ಮೊಮ್ಮಗಳು ಮಿರೆಂಬೆಗೂ ಅಮ್ಮನ ವಂದನೆಗಳು. ನಿನ್ನ ಕಾಗದ ಬಂದಾಗ ಇಲ್ಲಿ ಮನೆಮನೆಯಲ್ಲೂ ಮಿಡತೆ ಹುರಿಯುತ್ತಿದ್ದರು. ಆ ಕಾಲ ಮುಗಿದು, ಮಳೆ ನಿಂತು, ಮತ್ತೆ ಮಳೆ ಹಿಡಿದಿದೆ, ನಾನು ಈಗ ಉತ್ತರ ಬರೆಯಲು ಕೂತಿದ್ದೇನೆ. ಬೈದುಕೊಂಡಿರುತ್ತೀಯ. ಬೈದುಕೋ, ಹೊಟ್ಟೆಗೆ ಹಾಕಿಕೋ.

ಹೊಲಿಗೆ ಯಂತ್ರದ ಪಟ್ಟಿ ಹರಿದಿತ್ತು, ನಿಮ್ಮಪ್ಪನ ಮಂಡಿ ನೋವು ಹೆಚ್ಚಾಗಿತ್ತು ಎಂದೆಲ್ಲ ಬರೆಯಬಹುದು. ಎರಡೂ ನಿಜವೇ. ಆದರೆ ತಡವಾದದ್ದು ಅದಕ್ಕಲ್ಲ. ನೀನು ಕಾಗದದ ಕೊನೆಯಲ್ಲಿ, ಮಗುವಿನ ಶಾಲೆ, ನಿಮ್ಮ ಗುಲು ಊರಿನ ಸೆಕೆ ಎಲ್ಲ ಬರೆದು ಮುಗಿಸಿದ ಮೇಲೆ ಒಂದು ಮಾತು ಸೇರಿಸಿದ್ದೆ: "ಅಮ್ಮ, ಬಬಿರ್ಯೆ ಹೇಗಿದ್ದಳು? ಮಿರೆಂಬೆ ಕೇಳುತ್ತಾಳೆ. ನನಗೆ ಅವಳ ಮುಖವೇ ನೆನಪಾಗುತ್ತಿಲ್ಲ." ನಿನ್ನ ಜೊತೆಗೆ ಹುಟ್ಟಿದವಳ ಹೆಸರನ್ನು ನಿನ್ನ ಕೈಬರಹದಲ್ಲಿ ನೋಡಿದ್ದು ಅದೇ ಮೊದಲು. ಕಾಗದ ಮಡಚಿ ಯಂತ್ರದ ಖಾನೆಯೊಳಗೆ, ಗುಂಡಿಗಳ ಡಬ್ಬಿಯ ಕೆಳಗೆ ಇಟ್ಟುಬಿಟ್ಟೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಮಾತು ಶುರುವಾಗುವ ಹೊತ್ತಿಗೆ ಅದರಲ್ಲಿನ ದುಡ್ಡು ಮುಗಿದಿರುತ್ತದೆ. ಆ ಪ್ರಶ್ನೆಗೆ ಬರುತ್ತೇನೆ. ಮೊದಲು ಊರಿನ ಸುದ್ದಿ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಮಂಡಿ ನೋವೆಂದು ಚರ್ಚಿಗೆ ಬರಲಾಗುವುದಿಲ್ಲ, ಅದೇ ಮಂಡಿಯಲ್ಲಿ ಸೈಕಲ್ ತುಳಿದು ಬಾಳೆಹಣ್ಣಿನ ಹೆಂಡ ಕುಡಿಯಲು ಹೋಗಲಾಗುತ್ತದೆ. ಕೇಳಿದರೆ, "ಆ ದಾರಿ ಇಳಿಜಾರು ಕಣೇ" ಅನ್ನುತ್ತಾರೆ. ಕಾಫಿ ಈ ಸಲ ಪರವಾಗಿಲ್ಲ. ನನ್ನ ಗೆಳತಿ ಲುದಿಯ ಎಂದಿನಂತೆ ಸಂತೆಯಲ್ಲಿ ಟೊಮೇಟೊ ಮಾರುತ್ತ ಇಡೀ ಊರನ್ನು ಗದರುತ್ತಿದ್ದಾಳೆ. ಅವಳ ಮಗಳು ನಬುಕೀರ ಮೊನ್ನೆ ನನ್ನ ಹೊಲಿಗೆ ಅಂಗಡಿಗೆ ಬಂದು, "ಕ್ರಿಸ್ಮಸ್ಸಿಗೆ ನನ್ನ ಉಡುಪು ಯಾವ ಬಣ್ಣ ದೊಡ್ಡಮ್ಮ?" ಎಂದು ಕೇಳಿದಳು. ಪ್ರತಿ ವರ್ಷ ನಿನಗೆ ಹೊಲಿದ ಹಾಗೆಯೇ ಅವಳಿಗೂ ಒಂದು ಹೊಲಿದುಕೊಡುತ್ತೇನೆಂದು ನಿನಗೆ ಚಿಕ್ಕಂದಿನಿಂದಲೂ ಸಿಟ್ಟು. "ನಾನು ಹಾಕಿದ್ದನ್ನೇ ಅವಳು ಯಾಕೆ ಹಾಕಬೇಕು?" ಎಂದು ಕಾಲು ಅಪ್ಪಳಿಸುತ್ತಿದ್ದೆ. ಮದುವೆಯಾದ ಮೇಲೂ ಆ ಸಿಟ್ಟು ಇಳಿದಿಲ್ಲವೆಂದು ಗೊತ್ತು.

ಈಗ ನಮ್ಮ ಗುರುವಾರದ ಪ್ರಾರ್ಥನಾ ಕೂಟದ ವಿಷಯ. ಶಾಲೆಗೆ ಹೊಸದಾಗಿ ಬಂದಿರುವ ಯೊಸಾಮು ಮೇಷ್ಟ್ರು ನಮ್ಮ ಜೊತೆ ಕೂರಲು ಶುರುಮಾಡಿದ್ದಾರೆ. ತೆಳ್ಳಗೆ, ಕನ್ನಡಕ ಹಾಕಿಕೊಂಡು, ಮಾತಿಗೆ ಮೊದಲು ಕೆಮ್ಮುವ ಮನುಷ್ಯ. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ. ಎದ್ದು ನಿಲ್ಲುವುದು, ಹೆಸರು ಹೇಳುವುದು, ಕರ್ತನನ್ನು ನಂಬಿ ರಕ್ಷಣೆ ಹೊಂದಿದ ದಿನ ಹೇಳುವುದು. ಆ ದಿನ ಬಾಯಿಂದ ಹೊರಬೀಳುವಷ್ಟರಲ್ಲಿ ಎಲ್ಲರೂ ಸ್ತುತಿಯ ಹಾಡು ಎತ್ತಿಬಿಡುತ್ತಾರೆ, ಚಪ್ಪಾಳೆ, ತಬ್ಬಿಕೊಳ್ಳುವುದು, ಮುಗಿಯಿತು. ಮೇಷ್ಟ್ರು ಎರಡು ಮೂರು ವಾರ ಸುಮ್ಮನೆ ನೋಡಿದರು. ಆಮೇಲೆ ಕೆಮ್ಮಿ, "ನೀವೆಲ್ಲ ಇಷ್ಟು ವರ್ಷ ಒಂದೇ ಚಾಪೆ ಮೇಲೆ ಕೂತಿದ್ದೀರಿ. ಒಬ್ಬರ ಬದುಕು ಇನ್ನೊಬ್ಬರಿಗೆ ಗೊತ್ತಿಲ್ಲವಲ್ಲ?" ಅಂದರು. ವಾರಕ್ಕೊಬ್ಬರು ಹುಟ್ಟಿದಲ್ಲಿಂದ ಇವತ್ತಿನವರೆಗೆ ತಮ್ಮ ಕಥೆ ಹೇಳಬೇಕು, ಹೇಳುವವರು ಕೂರುವತನಕ ಯಾರೂ ಹಾಡಬಾರದು ಎಂದು ತೀರ್ಮಾನವಾಯಿತು.

ಎಲ್ಲರೂ ಆಮೆನ್ ಅಂದರು, ನಾನೂ ಅಂದೆ. ಆದರೆ ನಾನು ನಾಕು ಮಾತಾಡುವಷ್ಟರಲ್ಲಿ ಬಂದು ಕಾಪಾಡುತ್ತಿದ್ದ ಹಾಡನ್ನೇ ಅವರು ಕಿತ್ತುಕೊಂಡಿದ್ದರು.

ಮೊದಲು ಮುದುಕ ಎರಿಯಸಫು ಹೇಳಿದ. ಅವನು ಸೈಕಲ್ ಕದ್ದ ಕಥೆ ಯಾರಿಗೆ ಬಾಯಿಪಾಠ ಇಲ್ಲ! ಈ ಸಲ ಹಾಡಿಲ್ಲದೆ ಉದ್ದಕ್ಕೆ ಹೇಳಬೇಕಾಗಿ ಬಂದು, ಆ ಸೈಕಲ್ ಹೆಂಗಸರದು, ಅದಕ್ಕೆ ಮುಂದೆ ಹೂವಿನ ಬುಟ್ಟಿ ಕಟ್ಟಿತ್ತು ಎಂಬುದೂ ಹೊರಬಿತ್ತು. "ತಾತ, ಇಷ್ಟು ವರ್ಷ ಆ ಬುಟ್ಟಿ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ಲುದಿಯ ಕೇಳಿದಳು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿಯಿತು. ಆಮೇಲೆ ಲುದಿಯಳ ಸರದಿ. ಅವಳದು ಒಂದು ಗುರುವಾರಕ್ಕೆ ಮುಗಿಯಲಿಲ್ಲ.

ನನ್ನ ಸರದಿ ಬಂದಾಗ ಒಂದು ವಾರ ಮದುವೆ ಹೊಲಿಗೆ ಇದೆ ಅಂದೆ, ಇನ್ನೊಂದು ವಾರ ಹಲ್ಲುನೋವು ಅಂದೆ. ಲುದಿಯ ಅಂಗಡಿಗೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹಲ್ಲು ನೋಯ್ತಿದ್ರೆ ಮೂಗಲ್ಲಿ ಹೇಳು, ನಾಲೊಂಗೊ. ಈ ಗುರುವಾರ ಕೂಟ ನಿನ್ನ ಮನೇಲೇ. ನಿನ್ನ ಮನೆ ಬಿಟ್ಟು ನೀನೇ ಓಡಿಹೋಗ್ತೀಯೋ ನೋಡ್ತೀನಿ."

ಓಡಲಿಲ್ಲ. ಮರಗೆಣಸು ಬೇಯಿಸಿದೆ, ಶೇಂಗಾ ಹುರಿದೆ, ಶುಂಠಿ ಹಾಕಿ ಚಹಾ ಮಾಡಿದೆ. ಕೂಟದ ವಿಶ್ವಾಸಿಗಳು ಬರುವುದು ಕಂಡೊಡನೆ ನಿಮ್ಮಪ್ಪ ಎಂದಿನಂತೆ ಕುರ್ಚಿ ಎತ್ತಿಕೊಂಡು ಹಲಸಿನ ಮರದ ಕೆಳಗೆ ಹೊರಟರು. "ನಿಮ್ಮ ಹಾಡಿಗೆ ನನ್ನ ಹಲಸಿನಕಾಯಿ ಉದುರುತ್ತೆ. ನಾನು ಅಲ್ಲಿ ಕಾಯ್ತಿರ್ತೀನಿ" ಅಂದರು. ಬಾಗಿಲು ತೆರೆದೇ ಇತ್ತು. ಅವರು ಸೈಕಲ್ ತಿರುಗಿಸಿಟ್ಟು ಸರಪಳಿಗೆ ಎಣ್ಣೆ ಬಿಡುತ್ತಿದ್ದದ್ದು ನಾನು ನಿಂತಲ್ಲಿಗೆ ಕಾಣುತ್ತಿತ್ತು.

ಹುಟ್ಟಿದ್ದು, ಶಾಲೆ ಬಿಟ್ಟದ್ದು, ಹೊಲಿಗೆ ಕಲಿತದ್ದು, ಮದುವೆ. ಇಷ್ಟೂ ಸುಲಭವಾಗಿ ಬಂತು. ನೀವಿಬ್ಬರು ಹುಟ್ಟಿದ್ದು ಹೇಳುವಾಗ ನನಗೇ ಹಿಗ್ಗಾಯಿತು. ಊರಿನ ಹೆಂಗಸರೆಲ್ಲ ಕೇಕೆ ಹಾಕುತ್ತ ಅಂಗಳ ತುಂಬಿದ್ದರು. ಆವತ್ತಿನಿಂದ ಯಾರೂ ನನ್ನನ್ನು ಮೇರಬು ಎಂದು ಕರೆದದ್ದಿಲ್ಲ. ನಾನು ನಾಲೊಂಗೊ, ಅವಳಿಗಳ ತಾಯಿ. ನಿಮ್ಮಪ್ಪ ಸಾಲೊಂಗೊ. ಒಬ್ಬಳು ಹೋದ ಮೇಲೂ ಆ ಹೆಸರು ಹೋಗಲಿಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಮಾರುವವನೂ ನನ್ನನ್ನು ಕೂಗುವುದು ಇಬ್ಬರ ತಾಯಿಯೆಂದೇ. ಪ್ರತಿ ಸಲ ತಿರುಗಿ ನೋಡಿದಾಗಲೂ ನನ್ನ ಕೈ ಹಿಡಿದವಳು ಒಬ್ಬಳೇ ಇರುತ್ತಿದ್ದಳು.

"ಐದು ತುಂಬಿದಾಗ ಇಬ್ಬರಿಗೂ ಜ್ವರ ಬಂತು. ನಕಾತೊ ಉಳಿದಳು. ಬಬಿರ್ಯೆ ಹಾರಿ ಹೋದಳು" ಅಂದೆ. ನಮ್ಮಲ್ಲಿ ಹಾಗೇ ಅನ್ನಬೇಕಲ್ಲ. ಅವಳಿ ಮಕ್ಕಳು ಸಾಯುವುದಿಲ್ಲ, ಹಾರಿ ಹೋಗುತ್ತಾರೆ. ಅಳಬಾರದು. ನಿನ್ನ ಸೋದರತ್ತೆ ಆವತ್ತು ನನ್ನ ಬಾಯಿಗೆ ಕೈ ಅಡ್ಡ ಹಿಡಿದು, "ಅತ್ತರೆ ಇನ್ನೊಬ್ಬಳೂ ಹಿಂದೆ ಹೊರಡ್ತಾಳೆ. ನುಂಗ್ಕೋ" ಅಂದಿದ್ದಳು. ನೀನು ಚಾಪೆಯ ಮೇಲೆ ಇನ್ನೂ ಜ್ವರದಲ್ಲಿ ಬೇಯುತ್ತಿದ್ದೆ. ನುಂಗಿಕೊಂಡೆ. ಅವಳ ಮೇಲೆ ನನಗೆ ಕೋಪವಿಲ್ಲ ಮಗಳೇ, ಅವಳಿಗೂ ನಿನ್ನ ಮೇಲೆ ಅಷ್ಟೇ ಜೀವ.

"ಮಾರನೆಯ ವರ್ಷ ಈ ಕೂಟಕ್ಕೆ ಬಂದು ರಕ್ಷಣೆ ಹೊಂದಿದೆ" ಅಂದೆ.

ಅಷ್ಟೇ. ಎರಿಯಸಫು ತಲೆಯೆತ್ತಿ ಹಾಡು ಶುರುಮಾಡಿಯೇಬಿಟ್ಟ. ಪಾಪ, ಆ ಮಾತು ಕೇಳಿದರೆ ಅವನ ಗಂಟಲು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅವನ ಹಿಂದೆ ಉಳಿದವರ ಚಪ್ಪಾಳೆಯೂ ಎದ್ದಿತು. ಮೇಷ್ಟ್ರು ಕೆಮ್ಮಿದ್ದು ಯಾರಿಗೂ ಕೇಳಿಸಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಇನ್ನೇನು, ಕೂತರೆ ಆಯಿತು, ನನ್ನ ಕಥೆ ಮುಗಿಯಿತು ಎಂದುಕೊಂಡು ಅರ್ಧ ಬಗ್ಗಿಯೂ ಬಿಟ್ಟಿದ್ದೆ.

ಲುದಿಯ ಮುದುಕನ ತೊಡೆಗೆ ರಪ್ಪನೆ ಹೊಡೆದಳು. "ಬಾಯಿ ಮುಚ್ಚು ತಾತ! ಅವಳಿನ್ನೂ ಕೂತಿಲ್ಲ."

"ಬಗ್ಗಿದ್ದಾಳಲ್ಲ!"

"ಬಗ್ಗಿದ್ರೆ ಕೂತಂಗಾಯ್ತಾ? ಹೇಳು ನಾಲೊಂಗೊ. ಕಥೆ ಇದೇ ಜಾಗಕ್ಕೆ ಬಂದಾಗ ನೀನು ಪ್ರತಿ ಸಲ ಕೂತ್ಕೊಳ್ತೀಯ. ನನಗೇನು ಕಣ್ಣಿಲ್ವಾ?"

ಹಾಡು ನಿಂತಿತು. ಹೊರಗೆ ಸೈಕಲ್ ಸರಪಳಿಯ ಶಬ್ದವೂ ನಿಂತಿತ್ತು. ನಾನು ಮತ್ತೆ ನೆಟ್ಟಗೆ ನಿಂತೆ. ಕಿಟಕಿಯ ಸರಳು ಹಿಡಿದುಕೊಂಡೆ.

"ಅವಳು ಹಾರಿ ಹೋಗಲಿಲ್ಲ. ಸತ್ತಳು. ಆಸ್ಪತ್ರೆಗೆ ಹೋಗೋ ದಾರೀಲಿ ನನ್ನ ಮಡಿಲಲ್ಲೇ ಸತ್ತಳು. ಅಳಬೇಡ ಅಂದ್ರು, ಅಳಲಿಲ್ಲ. ಎಲ್ಲಾದರೂ ಅಳೋಕೆ ಜಾಗ ಸಿಗುತ್ತಾ ಅಂತ ನಿಮ್ಮ ಹತ್ತಿರ ಬಂದೆ. ನೀವು, ಮಗು ಕರ್ತನ ಹತ್ತಿರ ಇದೆ, ಸಂತೋಷಪಡು ಅಂತ ಹಾಡಿದ್ರಿ. ಚಪ್ಪಾಳೆ ತಟ್ಟಿದೆ. ಈಗಲೂ ತಟ್ತಾ ಇದೀನಿ."

ಹಾಡಿಲ್ಲದೆ ನಮ್ಮವರಿಗೆ ಕೈಕಾಲೇ ಆಡುವುದಿಲ್ಲ. ಮೇಷ್ಟ್ರು ಚಾಪೆಯ ಎಳೆ ಕೀಳುತ್ತ ಕೂತಿದ್ದರು. ಕೊನೆಗೆ ಎರಿಯಸಫು ಅಂಗಿಯ ತೋಳಿನಲ್ಲಿ ಮೂಗೊರೆಸಿಕೊಂಡು, "ಆವತ್ತು ಹಾಡು ಎತ್ತಿದ್ದು ನಾನೇ ಕಣಮ್ಮ. ನೀನು ಅಳೋಕೆ ಬಂದಿದ್ದೆ ಅಂತ ಗೊತ್ತಾಗ್ಲಿಲ್ವೇ ನನಗೆ" ಎಂದು ಅಳಲು ಶುರುಮಾಡಿದ. ಅವನನ್ನು ನೋಡಿ ನನಗೆ ಕಟ್ಟೆ ಒಡೆಯಿತು. ಲಕ್ಷಣವಾಗಿ ಅತ್ತೆ ಎಂದುಕೊಳ್ಳಬೇಡ, ಮೂಗು ಬಾಯಿ ಎಲ್ಲ ಒಂದಾಗಿ ಅತ್ತೆ. ಲುದಿಯ ನನ್ನನ್ನು ಟೊಮೇಟೊ ವಾಸನೆಯ ಎದೆಗೆ ಒತ್ತಿಕೊಂಡು, ಒಂದು ಸಲವೂ ಸಾಕು ಅನ್ನಲಿಲ್ಲ.

ಆಗ ಬಾಗಿಲಲ್ಲಿ ನಿಮ್ಮಪ್ಪ ನಿಂತಿದ್ದರು. ಕೈಯೆಲ್ಲ ಎಣ್ಣೆಮಸಿ. ವಿಶ್ವಾಸಿಗಳು ಇರುವಾಗ ಅವರು ಹೊಸ್ತಿಲು ಮೆಟ್ಟಿದ್ದನ್ನು ನಾನು ಕಂಡಿರಲಿಲ್ಲ.

"ಎಡಗೈ" ಅಂದರು.

ಎಲ್ಲರೂ ತಿರುಗಿ ನೋಡಿದೆವು.

"ಅವಳದು ಎಡಗೈ. ಊಟ ಮಾಡೋದೂ ಎಡಗೈ, ಕಲ್ಲು ಎಸೆಯೋದೂ ಎಡಗೈ. ನಾನು ಬೈತಿದ್ದೆ. ಬೈದ್ರೆ ಬಲಗೈ ತೋರಿಸಿ ನಗೋಳು." ಕೈಯ ಮಸಿಯನ್ನು ಅಂಗಿಗೆ ಒರೆಸಿಕೊಂಡರು. "ಚಹಾ ಆರಿಹೋಗ್ತಿದೆ, ಕೊಡಬಾರದೇನೇ ಅವರಿಗೆ?" ಎಂದು ಮತ್ತೆ ಹಲಸಿನ ಮರದ ಕೆಳಗೆ ಹೋದರು.

ನನ್ನ ಗಂಡ ಆ ಮಗುವಿನ ಬಗ್ಗೆ ಬಾಯಿ ಬಿಟ್ಟದ್ದು ಆವತ್ತೇ ಮೊದಲು. ಅವರೂ ನುಂಗಿಕೊಂಡೇ ಕೂತಿದ್ದರೆಂದು ನನಗೆ ಹೊಳೆದೇ ಇರಲಿಲ್ಲ. ಹೆಂಡಕ್ಕೆ ಹೋಗುತ್ತಾರೆಂದು ಬೈಯುವುದರಲ್ಲೇ ನನ್ನ ಬದುಕು ಕಳೆದಿತ್ತು. ಆ ಸಂಜೆ ಅವರು ಇಳಿಜಾರಿನ ದಾರಿ ಹಿಡಿಯಲಿಲ್ಲ. ಇಬ್ಬರೂ ಜಗಲಿಯಲ್ಲಿ ಕೂತು ಉಳಿದ ಮರಗೆಣಸು ತಿಂದೆವು, ಅವಳ ಮಾತೇ ಆಡಿದೆವು.

ಶುಕ್ರವಾರ ಕೋಳಿ ಕೂಗುವ ಹೊತ್ತಿಗೆ ನಿನಗೆ ಫೋನ್ ಮಾಡಿ ಏನು ತಿಂದೆ ಎಂದು ಕೇಳಿದೆನಲ್ಲ, ಯಾಕೆಂದು ಈಗ ಹೇಳುತ್ತೇನೆ. ಹೆದರಿದ್ದೆ. ಸತ್ತಳು ಎಂದು ಬಾಯಿಬಿಟ್ಟು ಹೇಳಿದ್ದೆ, ಅತ್ತಿದ್ದೆ. ಇಷ್ಟು ವರ್ಷದ ಪ್ರಾರ್ಥನೆ, ಉಪವಾಸ ಎಲ್ಲ ಇದ್ದೂ ಗುಂಡಿ ಒತ್ತುವಾಗ ನಿನ್ನ ಸೋದರತ್ತೆಯ ಆ ಮಾತೇ ನೆನಪಾಗುತ್ತಿತ್ತು. ನೀನು, "ಇನ್ನೂ ಹಲ್ಲೇ ಉಜ್ಜಿಲ್ಲಮ್ಮ, ಏನು ನಿನ್ನ ಗಲಾಟೆ?" ಎಂದು ರೇಗಿದೆ. ಕೂಟದಲ್ಲಿ ಯಾರು ಹೇಳಿದ ಸಾಕ್ಷಿಯೂ ನನ್ನ ಕಿವಿಗೆ ಅಷ್ಟು ಚೆನ್ನಾಗಿ ಕೇಳಿಸಿದ್ದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ, ನಿಮ್ಮಪ್ಪನ ಕಡೆಯಿಂದಲೂ ಕೇಳಿಕೊಂಡು ಬರೆಯುತ್ತಿದ್ದೇನೆ. ಬಬಿರ್ಯೆ ಎಡಗೈಯವಳು. ನಿನಗಿಂತ ಸ್ವಲ್ಪ ಕುಳ್ಳಿ, ಸ್ವಲ್ಪ ಹೊತ್ತು ಮೊದಲು ಹುಟ್ಟಿದ್ದಕ್ಕೇ ನಿನ್ನನ್ನು "ನಮ್ಮ ಮಗು" ಅನ್ನುತ್ತಿದ್ದಳು. ಹಲ್ಲುಗಳ ನಡುವೆ ಸಂದಿ ಇತ್ತು, ಅದರಿಂದ ಸಿಳ್ಳೆ ಹಾಕುತ್ತಿದ್ದಳು. ಕತ್ತಲೆಗೆ ನೀನು ಹೆದರುತ್ತಿದ್ದೆ, ಅವಳು ಹೆದರುತ್ತಿರಲಿಲ್ಲ. ನಿನ್ನ ಬೆರಳು ಹಿಡಿದುಕೊಂಡೇ ಮಲಗುತ್ತಿದ್ದಳು. ಮಿರೆಂಬೆಗೆ ಇದನ್ನೆಲ್ಲ ಹೇಳು. ಕೇಳಿದಷ್ಟೂ ಹೇಳು, ಹೆದರಬೇಡ.

ಕರ್ತನು ನಿನ್ನ ಮನೆಯ ಒಲೆಯನ್ನೂ ಮಲಗುವ ಚಾಪೆಯನ್ನೂ ಕಾಯಲಿ. ನಿನ್ನ ಮಗುವಿಗೆ ಒಳ್ಳೆಯ ನಿದ್ದೆ ಕೊಡಲಿ. ಅಳಿಯಂದಿರಿಗೆ ನಮ್ಮಿಬ್ಬರ ನೆನಪು ತಿಳಿಸು. ನಾನು ಚೆನ್ನಾಗಿದ್ದೇನೆ, ನಿಜವಾಗಿಯೂ ಚೆನ್ನಾಗಿದ್ದೇನೆ. ಈ ಮಾತನ್ನು ನಂಬು.

ನಿನ್ನ ಅಮ್ಮ,
ಮೇರಬು ನಾಲೊಂಗೊ

ಮರೆತ ಮಾತು: ಟ್ಯಾಕ್ಸಿಯವನ ಕೈಲಿ ಕಳಿಸುತ್ತಿರುವ ಗಂಟಿನಲ್ಲಿ ನಿನ್ನ ಕ್ರಿಸ್ಮಸ್ ಉಡುಪಿದೆ, ಹಳದಿ ಬಣ್ಣದ್ದು. ನೀನು ಇಷ್ಟು ವರ್ಷ ನಬುಕೀರಳ ಮೇಲೆ ಸುಮ್ಮನೆ ಸಿಟ್ಟಾದೆ. ನಾನು ಅವಳಿಗಾಗಿ ಹೊಲಿದದ್ದಲ್ಲ. ಅವಳಿಗಳಿಗೆ ಏನು ಮಾಡಿದರೂ ಎರಡು ಮಾಡಬೇಕಲ್ಲ, ಹಾಗೆ ಪ್ರತಿ ವರ್ಷ ಬಟ್ಟೆಯನ್ನು ಎರಡು ಪದರ ಮಡಚಿ ಕತ್ತರಿಸುತ್ತಿದ್ದೆ. ನೀನು ಬೆಳೆದಂತೆಲ್ಲ ಬಬಿರ್ಯೆಯ ಅಳತೆಯನ್ನೂ ಬೆಳೆಸಿದೆ. ಹೊಲಿದಾದ ಮೇಲೆ ಅದನ್ನು ಯಾರಿಗಾದರೂ ತೊಡಿಸಿ ಕಣ್ತುಂಬ ನೋಡಬೇಕಿತ್ತು, ನಬುಕೀರ ಹತ್ತಿರದಲ್ಲಿದ್ದಳು. ಅವಳಿಗೆ ಈ ಸಲ ಅವಳದೇ ಅಳತೆ ತೆಗೆದು, ಬೇರೆ ಬಣ್ಣದಲ್ಲಿ ಹೊಲಿಯುತ್ತೇನೆ. ನಿನ್ನೆ ನಿನ್ನದನ್ನು ಒಂದೇ ಪದರದಲ್ಲಿ ಕತ್ತರಿಸಿದೆ. ಅಭ್ಯಾಸವಿಲ್ಲದೆ ಕತ್ತರಿ ತೋಳಿನ ಹತ್ತಿರ ಸ್ವಲ್ಪ ಅಡ್ಡ ಹೋಗಿದೆ. ನಿನ್ನೊಬ್ಬಳಿಗೆಂದು ನಾನು ಹೊಲಿದ ಮೊದಲ ಉಡುಪು ಇದು. ಸರಿಯಾಗಿ ಕೂರುತ್ತದೋ ಇಲ್ಲವೋ, ಹಾಕಿ ನೋಡಿ ಬರೆ.