ಸಿಂಹದ ಕಟ್ ಬೇಡ

ಹೊಲಿಗೆ ಅಂಗಡಿಯಿಂದ
ಹದಿನಾಲ್ಕನೇ ತಾರೀಖು, ಬುಧವಾರ, ಬೆಳಿಗ್ಗೆ

ತಂಗೀ,

ಮೇಲೆ ಗೀಚಿ ಹಾಕಿರುವುದು ‘ಪ್ರೀತಿಯ’ ಎಂಬ ಮಾತು. ರೂಢಿಯಿಂದ ಕೈ ಬರೆದುಬಿಟ್ಟಿತು, ತಲೆ ಹೊಡೆದು ಹಾಕಿತು. ನೀನು ಹೇಗಿದ್ದೀಯ ಎಂದು ಮೊದಲು ಕೇಳಬೇಕು, ಕೇಳುತ್ತಿದ್ದೇನೆ. ಆ ಒಣಕೆಮ್ಮು ಹೋಯಿತೋ ಇಲ್ಲವೋ? ಹೋಗದಿದ್ದರೆ ಡಾಕ್ಟರಿಗೆ ತೋರಿಸು, ಎರಡು ವಾರ ದಾಟಿದ ಕೆಮ್ಮನ್ನು ಹಾಗೇ ಬಿಡಬಾರದು. ಬಚ್ಚಲಿನ ಬಿಸಿನೀರಿನ ಸ್ವಿಚ್ಚು ಕಿಡಿ ಹಾರಿಸುತ್ತದೆ ಅಂದಿದ್ದೆ, ಸರಿ ಮಾಡಿಸಿದೆಯಾ? ಒದ್ದೆ ಕೈಯಲ್ಲಿ ಮುಟ್ಟಬೇಡ. ಇಷ್ಟು ಕೇಳಿದಳು, ಅಕ್ಕನ ಸಿಟ್ಟು ಇಳಿದಿರಬೇಕು ಅಂದುಕೊಳ್ಳಬೇಡ. ನಿನಗೇ ಏನಾದರೂ ಆದರೆ ನಾನು ಬೈಯುವುದು ಯಾರನ್ನು, ಅದಕ್ಕೆ ಕೇಳಿದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ದನಿ ಸ್ವಲ್ಪ ಏರಿದ ಕೂಡಲೇ ನೀನು ‘ಅಕ್ಕಾ, ಸಿಗ್ನಲ್ ಸಿಗ್ತಿಲ್ಲ’ ಅನ್ನುತ್ತೀಯ. ಬೈಗುಳ ಬರುವಾಗ ಮಾತ್ರ ಹೋಗುವ ಸಿಗ್ನಲ್ ಅದು. ಕಾಗದಕ್ಕೆ ಆ ತೊಂದರೆ ಇಲ್ಲ. ಏಳನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳ ಅಕ್ಷರ, ಕಷ್ಟಪಟ್ಟು ಓದು. ನಿನ್ನ ಭಾವ ಮಧ್ಯಾಹ್ನ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ನೀನಿರುವ ಕಡೆಗೇ ಹೊರಟಿದ್ದಾರೆ. ಅವರ ಕೈಯಲ್ಲೇ ಕೊಡುತ್ತೇನೆ, ಸಿಗಲಿಲ್ಲ ಎಂದು ನೀನು ಹೇಳುವ ಹಾಗಿರಬಾರದು.

‘ಹತ್ತೇ ದಿನ ಅಕ್ಕಾ’ ಎಂದು ನಾಯಿಯನ್ನು ಬಿಟ್ಟು ಹೋದೆ. ಇವತ್ತಿಗೆ ಅರವತ್ತೊಂದು ದಿನ. ನಿನಗೆ ಅವನು ಪ್ರಿನ್ಸ್. ನನಗೆ ಚಿಂದಿ. ಸಂಜೆ ಮೆಷಿನ್ನಿನ ಕೆಳಗಿಂದ ಗುಡಿಸುವ ಬಟ್ಟೆ ಚೂರುಗಳ ರಾಶಿಯೇ ಎದ್ದು ನಡೆದಾಡಿದ ಹಾಗಿದ್ದಾನೆ, ಬೇರೆ ಏನೆಂದು ಕರೆಯಲಿ? ಬೆನ್ನಿನ ಕೂದಲು ರೇಷ್ಮೆಯ ಹಾಗೆ ನೇರ, ಕಾಲಿನದು ಕುರಿಯ ಹಾಗೆ ಸುರುಳಿ, ಬಾಲ ಇವೆರಡೂ ಅಲ್ಲ, ಸವೆದ ಪೊರಕೆ. ಮೂರು ಥಾನಿನ ಬಟ್ಟೆಯಲ್ಲಿ ಹೊಲಿದ ಒಂದೇ ಅಂಗಿ. ಇಂಥವನನ್ನು ನಿನ್ನ ಆಫೀಸಿನವರ ಮುಂದೆ ಶುದ್ಧ ತಳಿ ಎಂದು ಹೇಳಿಕೊಂಡಿದ್ದೀಯಂತೆ. ಅವನು ನನ್ನ ಜೊತೆ ಇರುವಾಗ ಹಾಗೆ ಸುಳ್ಳು ಹೇಳಬೇಕಾದ ಪರಿಸ್ಥಿತಿಯೇ ಬರಲಿಲ್ಲ. ಅಂಗಡಿಗೆ ಬಂದವರು ‘ಇದೇನು ಇಲಿನಾ, ನಾಯಿನಾ?’ ಎಂದು ಕೇಳಿದರೆ ‘ನಾಯಿ’ ಅನ್ನುತ್ತೇನೆ. ಮುಗಿಯಿತು.

ಹೋದ ವಾರ ನಿನ್ನ ಅಪ್ಪಣೆ ಬಂತು. ‘ಹದಿನೆಂಟಕ್ಕೆ, ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ. ವರ್ಷ ತುಂಬ್ತಲ್ಲ, ಅವತ್ತೇ ಸ್ಟುಡಿಯೋದಲ್ಲಿ ಫೋಟೋ. ಮರಿ ಇದ್ದಾಗಿನ ಮೊದಲ ಫೋಟೋ ಪಕ್ಕ ಅದನ್ನ ಹಾಕ್ತೀನಿ. ಅಷ್ಟರಲ್ಲಿ ಸಿಂಹದ ಕಟ್ ಮಾಡಿಸಿಡು. ಕತ್ತಿನ ಸುತ್ತ ಮಾತ್ರ ಒಂದು ಕೂದಲೂ ಮುಟ್ಟಿಸ್ಬೇಡ.’ ಇಷ್ಟೇ. ಊಟ ಸೇರುತ್ತಾ ಎಂದಿಲ್ಲ, ಸೊರಗಿದ್ದಾನೆ ಅಂದಿದ್ದೆನಲ್ಲ, ಯಾಕೆ ಎಂದಿಲ್ಲ. ಜೊತೆಗೆ ಯಾವುದೋ ಸಾಹೇಬರ ಮನೆಯ ನಾಯಿಯ ಚಿತ್ರ: ಹಿಂಭಾಗವೆಲ್ಲ ಬೋಳು, ಕತ್ತಿನ ಸುತ್ತ ಮಾತ್ರ ಕೇಸರ. ನನಗೆ ಎರಡು ದಿನ ಕೆಲಸದ ಮೇಲೆ ಮನಸ್ಸಿಲ್ಲ. ಬೆನ್ನು ಬೋಳಿಸಿದರೆ ಶೀತ ಆಗುವುದಿಲ್ಲವೇ? ಬಿಸಿಲಿಗೆ ಸುಡುವುದಿಲ್ಲವೇ? ಮೆಷಿನ್ನಿನ ಬ್ಲೇಡು ಕಾದು ಚರ್ಮ ಕೊಯ್ದರೆ? ಒಂದು ಪ್ಯಾಂಟಿನ ಝಿಪ್ಪನ್ನು ಹಿಂದುಮುಂದಾಗಿ ಕೂರಿಸಿದೆ. ಆ ಮನುಷ್ಯ ತೊಟ್ಟು ನೋಡಿ ‘ಇದನ್ನ ಹಿಂದಿನಿಂದ ಹಾಕ್ಬೇಕಾ ಅಮ್ಮಾ?’ ಎಂದ. ಅದೂ ನಿನ್ನ ದೆಸೆಯಿಂದಲೇ.

ಶನಿವಾರ ನಾಯಿಗಳ ಕೂದಲು ಕತ್ತರಿಸುವವಳ ಹತ್ತಿರ ಹೋದೆ. ಔಷಧಿ ಅಂಗಡಿಗೂ ಪಂಕ್ಚರ್ ಅಂಗಡಿಗೂ ನಡುವೆ ಒಂದೇ ಕೋಣೆ. ಎತ್ತರದ ಮೇಜು, ಅದರ ಮೇಲೆ ರಬ್ಬರ್ ಚಾಪೆ, ಗೋಡೆಯಲ್ಲಿ ನಾಲ್ಕು ಕಟ್ಟಿಂಗಿನ ಪಟ: ಸಿಂಹ, ಬೊಂಬೆ, ಲಂಗ, ಮರಿ. ನಿನ್ನ ಚಿತ್ರ ತೋರಿಸಿದೆ. ಅವಳು ಚಿತ್ರವನ್ನೂ ಚಿಂದಿಯನ್ನೂ ಎರಡು ಸಲ ನೋಡಿ, ‘ಅಕ್ಕಾ, ಸಿಂಹ ಮಾಡೋಕೆ ಸ್ವಲ್ಪ ಎದೆ ಬೇಕು. ಇವನದು ಮೊಲದ ಎದೆ’ ಎಂದಳು. ಬೊಂಬೆ ಕಟ್‌ಗೆ ಮುಖದ ಕೂದಲು ದುಂಡಗೆ ನಿಲ್ಲಬೇಕಂತೆ, ಇವನದು ಮಳೆಗೆ ಸಿಕ್ಕ ಮೀಸೆಯ ಹಾಗೆ ಜೋತು ಬೀಳುತ್ತದೆ. ಲಂಗದ ಕಟ್‌ಗೆ ಕಾಲು ಉದ್ದ ಇರಬೇಕಂತೆ. ಉಳಿದದ್ದು ಮರಿ ಕಟ್, ಮೈಯೆಲ್ಲ ಒಂದೇ ಅಳತೆ. ನಾನು ಟೇಪು ತೆಗೆದು ಎಲ್ಲ ಕಡೆ ಅಳೆದೆ. ಬ್ಲೇಡನ್ನು ನನ್ನ ಮಣಿಕಟ್ಟಿಗೆ ಇಟ್ಟು ಬಿಸಿ ನೋಡಿದೆ. ‘ಎರಡಿಂಚು ಬಿಟ್ಟು ಕತ್ತರಿಸು, ಬೆಳೆಯೋ ಮಕ್ಕಳ ಬಟ್ಟೆಗೆ ನಾನು ಯಾವಾಗಲೂ ಒಳಗೆ ಎರಡಿಂಚು ಮಡಚಿ ಬಿಡ್ತೀನಿ, ಆಮೇಲೆ ಬಿಚ್ಚಿಕೊಳ್ಳಬಹುದು’ ಎಂದೆ. ‘ಕೂದಲನ್ನ ಬಿಚ್ಚೋಕಾಗಲ್ಲ ಅಕ್ಕಾ, ಅದೇ ಬೆಳೆಯತ್ತೆ’ ಎಂದು ಅವಳು ನಕ್ಕಳು. ಕೊನೆಗೆ ನಿನ್ನ ಹಟವೇ ಗೆಲ್ಲಲಿ ಎಂದು ಸಿಂಹಕ್ಕೇ ಒಪ್ಪಿದೆ. ನಿನ್ನ ಫೋಟೋ ಹಾಳಾದರೆ ಆಯುಷ್ಯಪೂರ್ತಿ ಅದನ್ನೇ ಹೇಳುತ್ತೀಯ.

ಕೇಸರ ಬಾಚಲು ಅವಳು ಕತ್ತಿಗೆ ಬಾಚಣಿಗೆ ಇಟ್ಟಳು. ಚಿಂದಿ ಕಿರುಚಿದ ಕಿರುಚಾಟಕ್ಕೆ ಪಂಕ್ಚರ್ ಅಂಗಡಿಯವನು ಓಡಿ ಬಂದ. ‘ಕತ್ತು ಮುಟ್ಟಿದ್ರೆ ಅವನಿಗಾಗಲ್ಲ, ರಾಜನ ಸ್ವಭಾವ’ ಎಂದು ನೀನು ಹೇಳಿದ್ದನ್ನೇ ನಾನೂ ಹೇಳಿದೆ. ಅವಳು ನನ್ನ ಬೆರಳು ಹಿಡಿದು ಕೂದಲೊಳಗೆ ಇಟ್ಟಳು. ತಂತಿಯ ಹಾಗೆ ಗಟ್ಟಿಯಾದದ್ದು ಒಂದು ಸಿಕ್ಕಿತು. ಕತ್ತಿನ ಸುತ್ತ ಅದರ ಜೊತೆಗೇ ಬೆರಳು ಓಡಿಸಿದೆ. ಗಂಟಲ ಕೆಳಗೆ ಅದು ಸಿಗಲೇ ಇಲ್ಲ. ಮಾಂಸದೊಳಗೆ ಇಳಿದಿತ್ತು.

ಪ್ರಾಣಿಗಳ ಡಾಕ್ಟರ ಹತ್ತಿರ ಎತ್ತಿಕೊಂಡು ಓಡಿದೆ. ಇಂಜೆಕ್ಷನ್ ಕೊಟ್ಟು ಮಲಗಿಸಿ ಕತ್ತರಿಸಿ ತೆಗೆದರು. ಕಾಲು ನಾನೇ ಹಿಡಿದಿದ್ದೆ. ಬಂದದ್ದು ಕರೀ ದಾರದಂಥದ್ದು, ಕೂದಲು, ರಕ್ತ, ಕೀವು ಮೆತ್ತಿ ಕಟ್ಟಿಗೆಯ ಹಾಗಾಗಿತ್ತು. ಕೋಣೆಯೆಲ್ಲ ವಾಸನೆ. ಅದೇ ವಾಸನೆ ತಂಗೀ, ಅದೇ. ‘ಉದ್ದ ಕೂದಲಿನ ನಾಯಿ ಅಂದ್ರೆ ವಾಸನೆ ಇದ್ದೇ ಇರತ್ತೆ, ಸೆಂಟ್ ಹೊಡಿ’ ಎಂದು ಬ್ಯಾಗಿನಲ್ಲಿ ಬಾಟಲಿ ಇಟ್ಟು ಹೋಗಿದ್ದೆಯಲ್ಲ, ಆ ವಾಸನೆ. ‘ಮರಿ ಇದ್ದಾಗ ಕಟ್ಟಿದ್ದು. ಕತ್ತು ಬೆಳೀತು, ಇದು ಬೆಳೀಲಿಲ್ಲ. ಕಟ್ಟಿದ್ದು ಯಾರು?’ ಎಂದು ಡಾಕ್ಟರು ಕೇಳಿದರು. ‘ನನ್ನ ತಂಗಿ’ ಎಂದೆ. ತಡವರಿಸದೆ ಎಂದೆ. ಅವರು ತಲೆ ಅಲ್ಲಾಡಿಸಿದರು, ಆ ತಲೆ ಅಲ್ಲಾಡಿಸಿದ್ದು ನಿನಗೆ ಸೇರಬೇಕಾದದ್ದು, ಇಲ್ಲಿ ಬರೆದು ಕಳಿಸುತ್ತಿದ್ದೇನೆ.

ಗ್ಯಾಸನ್ನು ಮೂರು ಸಲ ನೋಡುವವಳು, ಗುಂಡಿಗೆ ಎರಡೆಳೆ ದಾರ ಹಾಕಿ ಅದರ ಮೇಲೊಂದು ಗಂಟು ಹಾಕುವವಳು ನಾನು. ನನ್ನ ಹೊಲಿಗೆ ಬಿಚ್ಚಲು ಬ್ಲೇಡೇ ಬೇಕೆಂದು ಗಿರಾಕಿಗಳು ಗೊಣಗುತ್ತಾರೆ. ಅಂಥ ನಾನು ನಿನ್ನ ಮಾತು ನಂಬಿ ಎರಡು ತಿಂಗಳು ಅವನ ಕತ್ತಿಗೆ ಕೈ ಹಾಕಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ. ನಿನ್ನ ತಪ್ಪಿನ ಮುಂದೆ ಅದು ಎಷ್ಟರದ್ದು?

ನಿನ್ನೆ ಮತ್ತೆ ಕಟ್ಟಿಂಗಿಗೆ ಕರೆದೊಯ್ದೆ. ಅವಳು ಪಾಪ ಒಳ್ಳೆಯ ಮನಸ್ಸಿನಿಂದಲೇ, ‘ಸುತ್ತಲಿನ ಕೂದಲು ಉಳಿಸಿ ಸಿಂಹವನ್ನೇ ಮಾಡಿದ್ರೆ ಗಾಯ ಮುಚ್ಚತ್ತೆ. ಫೋಟೋದಲ್ಲಿ ಕಾಣಲ್ಲ, ತಂಗಿಗೂ ಬೇಜಾರಾಗಲ್ಲ’ ಎಂದಳು. ನಾನು ಬೇಡ ಎಂದೆ. ಗಾಳಿಯಾಡಲಿ ಎಂದಿದ್ದಾರೆ ಡಾಕ್ಟರು. ಅದಕ್ಕಿಂತ ಹೆಚ್ಚಾಗಿ, ನಿನಗೆ ಬೇಜಾರಾಗಲೇಬೇಕು. ಮೈಯೆಲ್ಲ ಒಂದೇ ಅಳತೆ ಗಿಡ್ಡಕ್ಕೆ, ಕತ್ತು ಪೂರ್ತಿ ಬೋಳು ಮಾಡಿಸಿದೆ. ‘ಇವನೀಗ ಸಿಂಹವೂ ಅಲ್ಲ, ಬೊಂಬೆಯೂ ಅಲ್ಲ, ಏನಂತ ಕರೆಯೋದು ಈ ಕಟ್‌ನ?’ ಎಂದಳು. ‘ನಾಯಿ ಅಂತ ಕರೆ’ ಎಂದೆ. ಈಗ ಅವನ ಚರ್ಮದ ಮೇಲಿನ ಕಂದು ಮಚ್ಚೆಗಳೆಲ್ಲ ಕಾಣುತ್ತವೆ, ಒಂದು ಕಿವಿ ನಿಲ್ಲುತ್ತದೆ, ಇನ್ನೊಂದು ನಿಲ್ಲುವುದಿಲ್ಲ. ಯಾವ ಸ್ಟುಡಿಯೋದವನೂ ಶುದ್ಧ ತಳಿ ಎನ್ನಲಾರ.

ಆದ್ದರಿಂದ ಭಾನುವಾರ ಬರಬೇಡ. ಎಂಟು ತಿಂಗಳು ದಿಂಬಿನ ಪಕ್ಕ ಮಲಗಿಸಿಕೊಂಡು ಕತ್ತಿನ ಮೇಲೆ ಒಂದು ದಿನ ಬೆರಳಾಡಿಸದವಳಿಗೆ ನಾಯಿ ಯಾಕೆ? ಗೋಡೆಗೆ ಫೋಟೋ ಇದೆಯಲ್ಲ, ಅದನ್ನೇ ಸಾಕಿಕೋ. ಆ ದಾರವನ್ನು ಅವನ ಕತ್ತಿಗೆ ಕಟ್ಟಿದ ಕೈಗೆ ಅವನನ್ನು ಮತ್ತೆ ಕೊಡುವುದಿಲ್ಲ. ಅಳುತ್ತಾ ಬಂದರೂ ಕೊಡುವುದಿಲ್ಲ, ಭಾವನ ಕೈಲಿ ಹೇಳಿಸಿದರೂ ಕೊಡುವುದಿಲ್ಲ.

ಕೆಮ್ಮಿಗೆ ಔಷಧಿ ತೆಗೆದುಕೋ. ನಿನಗೆ ಒಳ್ಳೆಯದಾಗಲಿ, ಆದರೆ ತಡವಾಗಿ ಆಗಲಿ.

ನಿನ್ನ ಅಕ್ಕ

ಮತ್ತೆ: ವ್ಯಾನಿನ ಹಾರನ್ನು ಆಗಲೇ ಎರಡು ಸಲ ಆಯಿತು. ಡಾಕ್ಟರು ಕಾಗದದಲ್ಲಿ ಸುತ್ತಿ ಕೊಟ್ಟಿದ್ದ ಆ ಕರೀ ದಾರವನ್ನು ಲಕೋಟೆಯಲ್ಲಿಟ್ಟು ನಿನಗೆ ನಾಚಿಕೆ ಮಾಡಿಸೋಣ ಎಂದು ಈಗಷ್ಟೇ ಸೋಪಿನಲ್ಲಿ ತೊಳೆದೆ. ನೀಲಿ ಬಣ್ಣ ಬಂತು. ಮಖಮಲ್ಲಿನ ಪಟ್ಟಿ. ಮಗುಚಿ ನೋಡಿದೆ. ಎರಡೆಳೆ ದಾರ, ಮೇಲೊಂದು ಗಂಟು. ಮರೆತೇಬಿಟ್ಟಿದ್ದೆ. ನೀನು ಅವನನ್ನು ಬಟ್ಟೆ ಚೀಲದಲ್ಲಿ ಮೊದಲ ಸಲ ಅಂಗಡಿಗೆ ತಂದ ದಿನ, ಬಾಗಿಲು ರಸ್ತೆಗೇ ತೆರೆದಿತ್ತು, ನನಗೆ ಜೀವ ಹಾರಿಹೋಗಿತ್ತು. ಕೊಕ್ಕೆ ಹಾಕಿದರೆ ಕಳಚೀತೆಂದು ಪಟ್ಟಿಯನ್ನು ಅವನ ಕತ್ತಿನ ಮೇಲೇ ಹೊಲಿದುಬಿಟ್ಟೆ. ‘ಬಿಗಿ ಆಗಲ್ವಾ ಅಕ್ಕಾ?’ ಎಂದು ನೀನು ಕೇಳಿದೆ. ‘ಬಿಚ್ಚಿಕೊಂಡ್ರೆ ಕಳೆದುಹೋಗ್ತಾನೆ’ ಎಂದೆ. ಊರ ಮಕ್ಕಳಿಗೆಲ್ಲ ಎರಡಿಂಚು ಬಿಡುವವಳು ಅವನಿಗೆ ಒಂದು ಬೆರಳಷ್ಟೇ ಬಿಟ್ಟೆ. ನಿನ್ನ ಗೋಡೆಯ ಮೊದಲ ಫೋಟೋದಲ್ಲಿ ಕತ್ತು ನೋಡು, ಕಾಣುತ್ತದೆ. ಮೇಲೆ ಬರೆದದ್ದನ್ನು ಹೊಡೆದು ಹಾಕಲು ಹೊತ್ತಿಲ್ಲ, ಇದ್ದಿದ್ದರೂ ಎಲ್ಲವನ್ನೂ ಹೊಡೆಯುತ್ತಿರಲಿಲ್ಲ. ಸೆಂಟು ಹೊಡೆದವಳು ನೀನೇ. ಕಟ್ಟಿದ ಕೈ ಎಂಬ ಸಾಲನ್ನು ಮಾತ್ರ ನನ್ನ ಕೈ ಎಂದು ಓದಿಕೋ. ಭಾನುವಾರ ಬಾ. ಡಾಕ್ಟರಿಗೆ ಹೋಗಿ ನಿಜ ಹೇಳಬೇಕು, ಒಬ್ಬಳೇ ಹೋಗಲು ಧೈರ್ಯವಿಲ್ಲ. ಇವತ್ತು ಬೆಳಿಗ್ಗೆ ಅವನು ಮೊದಲ ಸಲ ಗುರುಗುಟ್ಟದೆ ಕತ್ತಿಗೆ ಮುಲಾಮು ಹಚ್ಚಿಸಿಕೊಂಡ. ಆಮೇಲೆ ನನ್ನ ಬೆರಳು ನೆಕ್ಕಿದ. ಅದು ಯಾವ ಬೆರಳು ಎಂದು ಅವನಿಗೆ ಗೊತ್ತಿಲ್ಲ.