ನಾನೇ ಹೇಳಿದ್ದು, ಕರುಣಾ

ಚಾಮರಾಜಪೇಟೆ,
೨೬ ಮಾರ್ಚ್ ೧೯೫೧

ನನ್ನ ಕರುಣಾ,

ಈ ಮಾತು ನಿನಗೆ ಬೇರೆಯವರ ಬಾಯಿಂದ ತಿಳಿಯಬಾರದೆಂದು ಇಂದೇ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ನಿನಗೆ ಮೂರ್ಛೆ ಬರುತ್ತಿತ್ತೆಂದು ಗಂಡಿನ ಕಡೆಯವರಿಗೆ ಹೇಳಿ, ನಾಲ್ಕು ವರ್ಷದ ಹಿಂದೆ ನಿನ್ನ ಮದುವೆ ಮುರಿದವಳು ತರಕಾರಿ ಮಾರುವ ಅಂಜನಮ್ಮನಲ್ಲ. ನಾನು. ಗೆಳತಿಯಾದ ನನಗಿಂತ ಮೊದಲು ನಿನಗೆ ಮದುವೆಯಾಗುತ್ತದೆಂಬ ಹೊಟ್ಟೆಕಿಚ್ಚು, ಬೇರೆ ಕಾರಣವಿಲ್ಲ.

ಅವಳೇ ಹೇಳಿದಳೆಂದು ತಿಳಿದು ನಿಮ್ಮಮ್ಮ ಅಂಜನಮ್ಮನಿಗೆ ಇನ್ನು ಬಾಗಿಲಿಗೆ ಬರಬೇಡವೆಂದರು. ನೀನು ನರ್ಸ್ ಕೆಲಸಕ್ಕೆಂದು ಕೋಲಾರಕ್ಕೆ ಹೊರಟೆ. ಸ್ಟೇಷನ್ನಿನಲ್ಲಿ ನಿನ್ನನ್ನು ತಬ್ಬಿಕೊಂಡು ಅತ್ತವಳೂ ನಾನೇ.

ಅಂದಿನಿಂದ ದಿನವೂ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಅಡುಗೆಮನೆಯಲ್ಲೇ ಮೊಣಕಾಲೂರಿ ಪ್ರಾರ್ಥಿಸಿದೆ. ಒಂದು ಭಾನುವಾರವೂ ತಪ್ಪದೆ ದೇವಾಲಯದಲ್ಲಿ ಹಾಡಿದೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹೊತ್ತಿಗೆ ಮಾತ್ರ ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಪ್ರಾರ್ಥನೆ ಬಿಟ್ಟಿದ್ದರೆ ನಿನ್ನನ್ನೂ ಮರೆಯುತ್ತಿದ್ದೆನೇನೋ. ಬಿಡಲಿಲ್ಲ, ಮರೆಯಲೂ ಆಗಲಿಲ್ಲ.

ನಿನ್ನೆ ಈಸ್ಟರ್. ಸಾಕ್ಷಿ ಹೇಳುವವರು ಏಳಿ ಎಂದು ಪಾದ್ರಿ ಅಯ್ಯನವರು ಕರೆದಾಗ ಎದ್ದೆ. ನಿನ್ನ ಕಾಯಿಲೆಯ ಮಾತೆತ್ತದೆ ನನ್ನ ದ್ರೋಹವನ್ನಷ್ಟೇ ಹೇಳಿದೆ. ನಿಮ್ಮಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು.

ಆರಾಧನೆ ಮುಗಿದೊಡನೆ ಗವಿಪುರದ ಅಂಜನಮ್ಮನ ಮನೆಗೆ ಓಡಿದೆ. ನೋಡಿದರೆ, ಜಗುಲಿಯ ಮೇಲೆ ನಿಮ್ಮಮ್ಮ! ಅಂಜನಮ್ಮನ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದರು. ನಾನು ಕಾಲಿಗೆ ಬಿದ್ದೆ. ಅಂಜನಮ್ಮ ಕಾಲು ಹಿಂದಕ್ಕೆಳೆದುಕೊಂಡಳು. ಆಮೇಲೆ, "ನಾಲ್ಕು ವರ್ಷ ಆ ಬೀದೀಲಿ ತಲೆ ಎತ್ಕೊಂಡು ಓಡಾಡ್ಲಿಲ್ಲ ಕಣೆ ನಾನು," ಎಂದಳು. ಮತ್ತೆ ನನ್ನ ತೋಳು ಹಿಡಿದೆತ್ತಿ, "ಏಳು. ಹಬ್ಬದ ದಿನ ಇಬ್ರೂ ಹಸ್ಕೊಂಡ್ ಕೂತಿದೀರ. ಒಳಗ್ ಬನ್ನಿ, ಮುದ್ದೆ ಇದೆ," ಎಂದಳು.

ಉಂಡು ಹೊರಡುವಾಗ ನಿಮ್ಮಮ್ಮ ನನ್ನ ಮುಖ ನೋಡದೆಯೇ ಹೇಳಿದರು: "ಸಾಯಂಕಾಲದ ಆರಾಧನೇಲಿ ನನ್ ಪಕ್ಕ ಕೂತ್ಕೋ. ರೊಟ್ಟಿ ಕೊಡೋವಾಗ ಎದ್ ಹೋಗ್ಬೇಡ."

ಹೋಗಲಿಲ್ಲ, ಕರುಣಾ. ನಾಲ್ಕು ವರ್ಷದ ಮೇಲೆ ಕರ್ತನ ರೊಟ್ಟಿ ನನ್ನ ನಾಲಿಗೆಯ ಮೇಲಿತ್ತು. ಕೊನೆಯ ಕೀರ್ತನೆಯನ್ನು ನಾನೂ ನಿಮ್ಮಮ್ಮನೂ ಎಷ್ಟು ಜೋರಾಗಿ ಹಾಡಿದೆವೆಂದರೆ ಹಾರ್ಮೋನಿಯಂ ಕೇಳಿಸಲೇ ಇಲ್ಲ! ಹಾಗೆಂದು ಈ ನಾಲಿಗೆ ಪೂರ್ತಿ ಪಳಗಿತೆಂದುಕೊಳ್ಳಬೇಡ. ದಾರಿಯಲ್ಲೇ ಯಾರದೋ ಮನೆಯ ಸುದ್ದಿ ತೆಗೆದೆ; ನಿಮ್ಮಮ್ಮ ತೋಳಿಗೆ ಚಿವುಟಿದರು.

ನಿನ್ನ ಕ್ಷಮೆ ಬೇಡುತ್ತೇನೆ, ಅವಸರಪಡಿಸುವುದಿಲ್ಲ. ನೀನು ಮುಟ್ಟಿದ ರೋಗಿಗಳೆಲ್ಲ ಎದ್ದು ನಡೆಯಲಿ. ಎದ್ದುಬಂದ ಕರ್ತನ ಸಮಾಧಾನ ನಿನ್ನ ಮೇಲಿರಲಿ.

ನಿನಗೆ ದ್ರೋಹ ಬಗೆದ, ಇಂದು ಹೆದರದೆ ಹೆಸರು ಬರೆಯುತ್ತಿರುವ,
ಜಯಮಣಿ